ಅಕ್ಕ ಓದಿ ಹೇಳಿದ ಕಮಳಾ

ಮೊನ್ನೆ ರಾಯಬಾಗದಿಂದ ಅಥಣಿಗೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬ ಹೆಣ್ಣುಮಗಳು ಬಂದು ಕೂತಳು. ಆಕೆ ಸೆರಗು ಸರಿಮಾಡಿಕೊಂಡದ್ದೇ ತಡ, ನನಗೆ ಒಂದರ ಹಿಂದೊಂದು ಮೂರು ಸೀನು ಬಂದವು. ಆಕೆಗೆ ನಾಚಿಕೆಯಾಯಿತು.

"ತಂಬಾಕದ ಘಾಟ ಐತ್ರಿ ಅಕ್ಕಾರ. ನಿಪ್ಪಾಣ್ಯಾಗ ಕೆಲಸ ಮಾಡ್ತೀನ್ರಿ. ಎಷ್ಟ ತೊಳದ್ರೂ ಸೀರಿ ಬಿಟ್ಟ ಹೋಗುದಿಲ್ಲ," ಅಂದಳು.

"ಇರ್ಲಿ ಬಿಡ್ರಿ, ಅದರಾಗ ಹುಟ್ಟಿ ಬೆಳದಾಕಿ ನಾ," ಅಂದೆ.

ಸೀನಿನಿಂದ ಒಂದು ಉಪಕಾರ ಉಂಟು. ಸೀನಿದ ಮೇಲೆ ಕಣ್ಣೊರೆಸಿಕೊಂಡರೆ ಯಾರೂ ಕಾರಣ ಕೇಳುವುದಿಲ್ಲ. ನಾನು ಅಕ್ಕನ ಮನೆಗೆ ಹೊರಟಿದ್ದೆ. ಅಕ್ಕ ತೀರಿಕೊಂಡು ಮೂರು ತಿಂಗಳಾಗಿತ್ತು. ಅಲ್ಲಿಗೆ ಇನ್ನೂ ಏನೆಂದು ಹೇಳಿ ಹೋಗಬೇಕೋ ನನಗೆ ತಿಳಿದಿಲ್ಲ. ಬಾಯಿ ತನ್ನಷ್ಟಕ್ಕೆ ತಾನು "ಅಕ್ಕನ ಮನಿಗೆ ಹೊಂಟೀನಿ" ಅನ್ನುತ್ತದೆ. ಕಂಡಕ್ಟರ ಚೀಟಿ ಕೊಡುವಾಗ ಕೇಳಿದ್ದಕ್ಕೂ ಹಾಗೇ ಅಂದೆ. ಅವನು ಕೇಳಿದ್ದು ಎಲ್ಲಿಗೆ ಅಂತ ಮಾತ್ರ.

ನಾನು ಹತ್ತನೆಯ ಇಯತ್ತೆಯವರೆಗೆ ಓದಿ, ಹೊಲಿಗೆ ಕಲಿತು, ಅದರ ಮೇಲೆ ಸಂಸಾರ ನಡೆಸಿದವಳು. ಜಂಪರಿನ ಅಳತೆ ಬರೆದದ್ದು ಬಿಟ್ಟರೆ ಇಷ್ಟು ಉದ್ದ ಏನನ್ನೂ ಬರೆದಿಲ್ಲ. ಆದರೂ ಆ ಬಸ್ಸಿನಲ್ಲಿ ಕೂತಾಗ ನೆನಪಾದ ಒಂದು ಸಂಗತಿಯನ್ನು ನಿಮಗೆ ಹೇಳಬೇಕು ಅನ್ನಿಸಿದೆ. ಇದು ಒಂದು ಕತೆಯ ಕತೆ. ಆ ಕತೆಯ ಕೊನೆ ಏನಾಯಿತು ಎಂದು ನಾನು ಸುಮಾರು ನಲವತ್ತು ವರ್ಷ ಅಕ್ಕನ ಬೆನ್ನು ಹತ್ತಿದ್ದೆ. ಅಕ್ಕ ಹೇಳಲಿಲ್ಲ. ಹೇಳದೆ ಹೋದಳು.

ಎಂಬತ್ತರ ದಶಕದ ನಡುವಿನ ಮಾತು. ನಿಪ್ಪಾಣಿಯ ನಮ್ಮ ಓಣಿಯಲ್ಲಿ ಬೀಡಿ ಸುತ್ತದ ಮನೆ ಹುಡುಕಿದರೂ ಸಿಗುತ್ತಿರಲಿಲ್ಲ. ಮಧ್ಯಾಹ್ನದ ಭಾಂಡೆ ತಿಕ್ಕಿ ಮುಗಿದ ಮೇಲೆ ಹೆಂಗಸರೆಲ್ಲ ಸೊಂಟದ ಮೇಲೆ ಮರ ಇಟ್ಟುಕೊಂಡು ನಮ್ಮ ಕಟ್ಟೆಗೆ ಬರುತ್ತಿದ್ದರು. ಕಾಳು ಕೇರುವ ಮರವೇ, ಆದರೆ ಅದರಲ್ಲಿ ಕಾಳಿನ ಬದಲು ತಂಬಾಕಿನ ಪುಡಿ, ಕತ್ತರಿಸಿದ ಎಲೆ, ದಾರದ ಉಂಡೆ. ನಮ್ಮ ಕಟ್ಟೆಗೇ ಯಾಕೆ ಅಂದರೆ ನೆರಳು ಇತ್ತು. ಮತ್ತೆ ನಮ್ಮ ಆಯಿ ಇದ್ದಳು. ಆಯಿ ಅಂದರೆ ಅಪ್ಪನ ತಾಯಿ. ಆಕೆ ಕೂತ ಕಡೆ ಸಭೆ ಕೂಡಬೇಕು, ಇಲ್ಲದಿದ್ದರೆ ಆಕೆಗೆ ಸಿಟ್ಟು ಬರುತ್ತಿತ್ತು.

ಬೀಡಿ ಸುತ್ತುವುದಕ್ಕೆ ಕೈ ಬೇಕು, ಕಣ್ಣು ಸ್ವಲ್ಪ ಬೇಕು, ಕಿವಿ ಬೇಡವೇ ಬೇಡ. ಖಾಲಿ ಇರುವ ಕಿವಿಗೆ ಏನಾದರೂ ಹಾಕಬೇಕಲ್ಲ? ಬೇರೆ ಕಟ್ಟೆಗಳಲ್ಲಿ ರೇಡಿಯೋ ಇತ್ತು. ನಮ್ಮಲ್ಲಿ ಅಕ್ಕ ಇದ್ದಳು. ಸಾಲೆ ಬಿಟ್ಟು ಬಂದು, ಚಹಾ ಕುಡಿದು, ಗೋಡೆಗೆ ಬೆನ್ನು ಕೊಟ್ಟು ಕೂತು ಪುಸ್ತಕ ತೆರೆಯುತ್ತಿದ್ದಳು. ಅದಕ್ಕೊಂದು ರಿವಾಜು ಇತ್ತು. ಓದುವವಳು ಬೀಡಿ ಸುತ್ತಬೇಕಾಗಿಲ್ಲ; ಕೇಳಿದವರು ಎದ್ದು ಹೋಗುವಾಗ ತಾವು ಸುತ್ತಿದ್ದರಲ್ಲಿ ಒಂದೊಂದು ಹಿಡಿ ಅವಳ ಮರದಲ್ಲಿ ಹಾಕಿ ಹೋಗಬೇಕು. ಯಾರೂ ಎಣಿಸುತ್ತಿರಲಿಲ್ಲ. ಆದರೆ ಕತೆ ಸಪ್ಪಗಾದ ದಿನ ಹಿಡಿ ಸಣ್ಣದಾಗುತ್ತಿತ್ತು ಅನ್ನುವುದನ್ನು ನಾನು ನೋಡಿದ್ದೇನೆ. ನನಗೆ ಗೊತ್ತಿದ್ದದ್ದು ಅಕ್ಕನಿಗೆ ಗೊತ್ತಿರಲಿಲ್ಲವೇ?

ಇನ್ನೊಂದು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅಕ್ಕ ಮರಾಠಿ ಸಾಲೆಗೆ ಹೋಗುತ್ತಿದ್ದಳು, ನಾನು ಕನ್ನಡ ಸಾಲೆಗೆ. ಒಂದೇ ಮನೆಯ ಮಕ್ಕಳು ಹೀಗೆ ಎರಡು ಸಾಲೆಗೆ ಹೋಗುವುದು ನಮ್ಮಲ್ಲಿ ಹೊಸದಲ್ಲ. ಅಕ್ಕ ಸಣ್ಣವಳಿದ್ದಾಗ ಓಣಿಯ ತುದಿಗೆ ಮರಾಠಿ ಸಾಲೆ ಇತ್ತು, ಹಾಕಿದರು. ನನ್ನ ಹೊತ್ತಿಗೆ ಆಯಿ ಹಟ ಹಿಡಿದು "ಒಂದರ ಕೂಸು ನನ್ನ ಮಾತಿನ್ಯಾಗ ಕಲೀಲಿ" ಅಂದಳು. ಊರಿನ ವಾಚನಾಲಯದಿಂದ ಅಕ್ಕ ತರುತ್ತಿದ್ದದ್ದು ಮರಾಠಿ ಪುಸ್ತಕ. ಆಯಿ ರಾಯಬಾಗದ ಕಡೆಯ ಹಳ್ಳಿಯವಳು. ಐವತ್ತು ವರ್ಷ ನಿಪ್ಪಾಣಿಯಲ್ಲಿದ್ದರೂ ಸಂತೆಯ ಮರಾಠಿ ಬಿಟ್ಟು ಬೇರೆ ಬರುತ್ತಿರಲಿಲ್ಲ. "ನನ್ನ ಕಟ್ಟಿ ಮ್ಯಾಲ ಕುಂತು ನನಗ ತಿಳೀಲಾರದ್ದ ಓದಬ್ಯಾಡ. ಕನ್ನಡದಾಗ ಹೇಳು," ಅನ್ನುತ್ತಿದ್ದಳು. ಹಾಗಾಗಿ ಅಕ್ಕನ ಕಣ್ಣು ಮರಾಠಿ ಓದುತ್ತಿತ್ತು, ಬಾಯಿ ಕನ್ನಡ ಹೇಳುತ್ತಿತ್ತು. ಕಟ್ಟೆಯ ಮೇಲೆ ಬೇರೆ ಯಾರಿಗೂ ಆ ಪುಸ್ತಕ ಓದಲು ಬರುತ್ತಿರಲಿಲ್ಲ. ಎದುರುಮನೆಯ ಹೌಸಕ್ಕನ ಮನೆಮಾತೇ ಮರಾಠಿ, ಆದರೆ ಅಕ್ಷರ ಬಾರದು. ನನಗೆ ಅಕ್ಷರ ಬರುತ್ತಿತ್ತು, ಮರಾಠಿ ಪುಸ್ತಕ ಬಾರದು. ಅಕ್ಕ ಏನು ಹೇಳಿದರೆ ಅದೇ ಪುಸ್ತಕ.

ವಾಚನಾಲಯದಲ್ಲಿ ಮಕ್ಕಳ ಪುಸ್ತಕಗಳು ಕೆಳಗಿನ ಸಾಲಿನಲ್ಲಿದ್ದವು. ಅವುಗಳಲ್ಲಿ ಹುಡುಗರು ಇರುತ್ತಿದ್ದರು, ನಾಯಿ ಇರುತ್ತಿತ್ತು, ಕಳ್ಳರು ಇರುತ್ತಿದ್ದರು. ಹುಡುಗಿ ಇದ್ದರೆ ಯಾರದೋ ತಂಗಿಯಾಗಿ ಜ್ವರ ಬಂದು ಮಲಗಿರುತ್ತಿದ್ದಳು. ಮೇಲಿನ ಸಾಲಿನಲ್ಲಿ ದೊಡ್ಡವರ ಪುಸ್ತಕ. ಅದಕ್ಕೆ ಅಕ್ಕನ ಕಾರ್ಡು ನಡೆಯುತ್ತಿರಲಿಲ್ಲ. ಹದಿನಾಲ್ಕು ಹದಿನೈದರ ಹುಡುಗಿ ಏನು ಓದಬೇಕು ಅನ್ನುವುದನ್ನು ಯಾರೂ ಯೋಚಿಸಿರಲಿಲ್ಲ. ಆ ವಯಸ್ಸಿಗೆ ನಮ್ಮ ಕಡೆ ಪುಸ್ತಕ ಹುಡುಕುತ್ತಿರಲಿಲ್ಲ, ವರ ಹುಡುಕುತ್ತಿದ್ದರು.

ಆ ವರ್ಷ ಮಳೆಗಾಲ ಮುಗಿದ ಮೇಲೆ ಅಕ್ಕ ಒಂದು ಕೋಟೆಯ ಕತೆ ತಂದಳು. ಇಬ್ಬರು ಹುಡುಗರು ರಜೆಯಲ್ಲಿ ಹಾಳು ಕೋಟೆ ನೋಡಲು ಹೋಗುತ್ತಾರೆ. ಅಲ್ಲಿ ಸುರಂಗ ಇರುತ್ತದೆ, ಕಳ್ಳರು ಇರುತ್ತಾರೆ. ಮೊದಲ ಎರಡು ದಿನ ಬರೀ ಗೋಡೆ, ಬುರುಜು, ದಿಕ್ಸೂಚಿ. ಹೌಸಕ್ಕ ಆಕಳಿಸಿದಳು. "ಈ ಪೋರಗಳಿಗೆ ಮನಿಯಾಗ ಕೆಲಸಿಲ್ಲೇನ? ಕಲ್ಲು ನೋಡಾಕ ಅಷ್ಟ ದೂರ ಹೋಗ್ಯಾರ!" ಅಂದಳು. ಆ ಸಂಜೆ ಅಕ್ಕನ ಮರದಲ್ಲಿ ಬಿದ್ದ ಹಿಡಿಗಳು ಕೂಸಿನ ಹಿಡಿಯಷ್ಟಿದ್ದವು.

ಮೂರನೆಯ ದಿನ ಕೋಟೆಯ ಕೆಳಗೆ ಒಬ್ಬ ಕುರಿ ಕಾಯುವವನು ಬಂದ. ಅವನ ಹಿಂದೆ ತಲೆಯ ಮೇಲೆ ರೊಟ್ಟಿಯ ಬುತ್ತಿ ಇಟ್ಟುಕೊಂಡು ಅವನ ಮಗಳು ಬಂದಳು. ಹೆಸರು ಕಮಳಾ.

ಕಮಳಾ ಬಂದ ಮೇಲೆ ಕೋಟೆಗೆ ಜೀವ ಬಂತು. ದೊಡ್ಡ ಹುಡುಗ ದಿನಕರನಿಗೆ ಅವಳು ರೊಟ್ಟಿ ಕೊಟ್ಟಳು, ಮೇಲೆ ಅಗಸಿ ಹಿಂಡಿ ಹಾಕಿ. ಪೇಟೆಯ ಹುಡುಗ, ಖಾರ ತಾಳದೆ ಕಣ್ಣಲ್ಲಿ ನೀರು ತಂದುಕೊಂಡ. ಅವಳು ನಕ್ಕಳು. ಅವನು ನೀರು ಕೇಳಲಿಲ್ಲ, ಇನ್ನೊಂದು ರೊಟ್ಟಿ ಕೇಳಿದ. ಇಷ್ಟೇ. ಆದರೆ ಕಟ್ಟೆಯ ಮೇಲೆ ಎಲ್ಲರ ಕೈ ಒಮ್ಮೆಗೇ ನಿಂತವು.

"ಇನ್ನೊಂದ ಕೇಳಿದ್ನಾ?" ಅಂದಳು ಹೌಸಕ್ಕ.

"ಕೇಳಿದ."

"ಹಂಗಾರ ಆತು ಬಿಡು, ಸಿಕ್ಕಾ ಅಂವಾ."

ಆಯಿ ಕೂಡ ತುಟಿ ಬಿಗಿಹಿಡಿದು ನಕ್ಕದ್ದನ್ನು ನಾನು ಕಂಡೆ. ಅಂದಿನಿಂದ ಕೋಟೆಯ ಕತೆ ದಿನಕ್ಕೆ ಒಂದು ತಾಸು ನಡೆಯಿತು. ಈಗ ಯೋಚಿಸಿದರೆ ನನಗೆ ಆಗಲೇ ಗೊತ್ತಾಗಬೇಕಾಗಿತ್ತು. ಅಕ್ಕ ಕೆಲವು ಸಲ ಅರ್ಧ ತಾಸು ಒಂದೇ ಪುಟದ ಮೇಲೆ ಇರುತ್ತಿದ್ದಳು. ಆಗ ಅವಳ ಕಣ್ಣು ಪುಸ್ತಕದಲ್ಲಿ ಇರುತ್ತಿರಲಿಲ್ಲ, ನಮ್ಮ ಮುಖಗಳ ಮೇಲೆ ಇರುತ್ತಿತ್ತು. ನಾನು ಹನ್ನೊಂದು ವರ್ಷದವಳು. ಬೀಡಿಯ ಬಾಯಿ ಮಡಿಚುವ ಕೆಲಸ ನನ್ನದು. ಅದರಲ್ಲೇ ಮುಳುಗಿ, ಆ ಪುಟದಲ್ಲಿ ಬಹಳ ಸಣ್ಣ ಅಕ್ಷರ ಇರಬೇಕು ಅಂದುಕೊಂಡಿದ್ದೆ.

ಒಂದು ಶುಕ್ರವಾರ ಕತೆ ಇಲ್ಲಿಗೆ ಬಂತು. ದಿನಕರ ಮತ್ತು ಕಮಳಾ ಕೈ ಹಿಡಿದುಕೊಂಡು ಸುರಂಗ ನೋಡಲು ಹೋಗಿದ್ದಾರೆ. ಮೊದಲು ಅವನು ಒಳಗೆ ಇಳಿದ. ಅಷ್ಟರಲ್ಲಿ ಸುರಂಗದ ಬಾಯಿಗೆ ಒಂದು ದೊಡ್ಡ ಕಲ್ಲು ಉರುಳಿ ಬಿತ್ತು. ಅವನು ಒಳಗೆ, ಅವಳು ಹೊರಗೆ. ದೂರದಲ್ಲಿ ಅವಳ ಅಪ್ಪ ಕುರಿ ಹೊಡೆದುಕೊಂಡು ಬರುತ್ತಿದ್ದಾನೆ. ಅವನನ್ನು ಕೂಗಿದರೆ ಕಲ್ಲು ಸರಿಯುತ್ತದೆ, ಆದರೆ ಇವರಿಬ್ಬರ ಸಂಗತಿ ಬಯಲಾಗುತ್ತದೆ. ಕೂಗದಿದ್ದರೆ ಅವನು ಒಳಗೆ ಉಸಿರು ಕಟ್ಟಿ ಸಾಯುತ್ತಾನೆ. ಕಮಳಾ ಬಾಯಿ ತೆರೆದಳು. ಅಷ್ಟಕ್ಕೆ ಅಕ್ಕ ಪುಸ್ತಕ ಮುಚ್ಚಿದಳು.

ಮರುದಿನ ಶನಿವಾರ, ಮುಂಜಾನೆಯ ಸಾಲೆ. ಶನಿವಾರ ನಮ್ಮ ಬಾಯೋರು, ಅಂದರೆ ನಮ್ಮ ಟೀಚರು, ಕತೆ ಹೇಳಿಸುತ್ತಿದ್ದರು. ನನಗೆ ಕತೆ ಕಟ್ಟಲು ಬಾರದು, ಇಂದಿಗೂ ಬಾರದು. ಕೇಳಿದ್ದನ್ನು ಕೇಳಿದ ಹಾಗೆ ಒಪ್ಪಿಸುವುದು ಬರುತ್ತದೆ. ಎದ್ದು ನಿಂತು ಇಡೀ ಕೋಟೆಯ ಕತೆ ಹೇಳಿದೆ. ರೊಟ್ಟಿ ಬಿಡಲಿಲ್ಲ, ಕೈ ಹಿಡಿದದ್ದೂ ಬಿಡಲಿಲ್ಲ. ಹುಡುಗರು ಹೋ ಅಂದರು.

"ಯಾರ ಹೇಳಿದ್ರ ಇದನ್ನ?" ಅಂದರು ಬಾಯೋರು.

"ನಮ್ಮಕ್ಕ ರೀ. ಪುಸ್ತಕದಾಗ ಐತ್ರಿ," ಅಂದೆ, ಬಹುಮಾನ ಸಿಗುತ್ತದೆ ಅನ್ನುವ ಧೈರ್ಯದಲ್ಲಿ.

ಬಾಯೋರು ಕೆಟ್ಟವರಲ್ಲ. ಅದೇ ಸಂಜೆ ಹಿಟ್ಟಿನ ಗಿರಣಿಯಲ್ಲಿ ಆಯಿ ಸಿಕ್ಕಳು, ಒಂದು ಮಾತು ಅಂದರು ಅಷ್ಟೇ: "ಆಯೀ, ದೊಡ್ಡ ಮೊಮ್ಮಗಳು ಎಂಥಾ ಪುಸ್ತಕ ಓದಾಕತ್ತಾಳ, ಜರಾ ನೋಡಕೋರಿ."

ಆಯಿ ಹಿಟ್ಟಿನ ಡಬ್ಬಿ ಹೊತ್ತು ಮನೆಗೆ ಬಂದಾಗ ಆಕೆಯ ಮುಖ ಬೇರೆಯೇ ಆಗಿತ್ತು. ನೆನಪಿಟ್ಟುಕೊಳ್ಳಿ, ಹಿಂದಿನ ದಿನದವರೆಗೆ ಕಮಳಾನ ರೊಟ್ಟಿಗೆ ನಕ್ಕವಳು ಈಕೆಯೇ. ನಮ್ಮ ಕಟ್ಟೆಯ ಮೇಲೆ ಇರುವ ತನಕ ಅದು ಕತೆ. ಗಿರಣಿಯಲ್ಲಿ ನಾಲ್ಕು ಮಂದಿಯ ಮುಂದೆ ಬಾಯೋರ ಬಾಯಿಂದ ಬಂದ ಕೂಡಲೇ ಅದು ಮನೆತನದ ಮಾನ ಆಯಿತು.

"ಸೋಮವಾರದಿಂದ ಸಾಲಿ ಸಾಕು," ಅಂದಳು ಅಕ್ಕನಿಗೆ. "ಮರಾ ಹಿಡಕೊಂಡ ಕುಂದುರು. ಬರೂ ವರ್ಷ ಎಲ್ಲೆರ ನೋಡಿ ಕೊಟ್ಟಬಿಡೂನು. ಇಷ್ಟ ಓದಿದ್ದಕ್ಕ ಇಷ್ಟಾತು, ಇನ್ನ ಓದಿದ್ರ ಇನ್ನೇನರ ಆದೀತು."

ಅಕ್ಕ ಒಂಬತ್ತನೆಯ ಇಯತ್ತೆಯಲ್ಲಿದ್ದಳು. ನಮ್ಮ ಮನೆಯಲ್ಲಿ ಅಲ್ಲಿಯವರೆಗೆ ಯಾರೂ ಹತ್ತು ಮುಟ್ಟಿರಲಿಲ್ಲ. ಅಪ್ಪ ಆಯಿಯ ಎದುರು ಮಾತಾಡುವ ಪೈಕಿ ಅಲ್ಲ. ಅವ್ವ ಮಾತ್ರ ರೊಟ್ಟಿ ಬಡಿಯುತ್ತಾ, ತಲೆ ಎತ್ತದೆ, "ಅತ್ತೀ, ಮೊದಲ ಆ ಪುಸ್ತಕ ಕೊಟ್ಟಾವರನ್ನ ಕೇಳೂನಲ್ಲ, ಸಣ್ಣ ಹುಡಿಗ್ಯಾರಿಗೆ ಇಂಥಾದ್ಯಾಕ ಕೊಟ್ರಿ ಅಂತ," ಅಂದಳು. ಅವ್ವನಿಗೆ ಬೇಕಾಗಿದ್ದದ್ದು ಒಂದೆರಡು ದಿನದ ವಾಯಿದೆ. ಆದರೆ ಆಯಿಗೆ ಆ ಮಾತು ಹಿಡಿಸಿತು. "ಕೇಳೇ ಬಿಡ್ತೀನಿ," ಅಂದಳು. ಅಕ್ಕನ ಮುಖ ಬಿಳಿಚಿತು. ಬೈಸಿಕೊಂಡಾಗ ಬಿಳಿಚದ ಮುಖ ಈಗ ಯಾಕೆ ಬಿಳಿಚಿತು ಎಂದು ನನಗೆ ಅರ್ಥವಾಗಲಿಲ್ಲ.

ಭಾನುವಾರ ಮೂವರೂ ಹೋದೆವು. ಆಯಿ ಮುಂದೆ, ಅಕ್ಕ ನಡುವೆ, ಪುಸ್ತಕ ಹಿಡಿದುಕೊಂಡು ನಾನು ಹಿಂದೆ. ವಾಚನಾಲಯ ನೋಡಿಕೊಳ್ಳುತ್ತಿದ್ದವರಿಗೆ ಎಲ್ಲರೂ ಗುರೂಜಿ ಅನ್ನುತ್ತಿದ್ದರು. ಕರಿ ಟೊಪ್ಪಿಗೆ, ಕಿವಿಗೆ ದಾರ ಕಟ್ಟಿದ ಕನ್ನಡಕ. ಮನೆಯಲ್ಲಿ ಮರಾಠಿ ಆಡುತ್ತಿದ್ದರೂ ಕನ್ನಡ ನೆಟ್ಟಗೆ ಬರುತ್ತಿತ್ತು. ಆಯಿ ನಿಂತುಕೊಂಡೇ ಎಲ್ಲ ಹೇಳಿದಳು. ಕುರಿ ಕಾಯುವವನ ಮಗಳಂತೆ, ರೊಟ್ಟಿ ಕೊಟ್ಟಳಂತೆ, ಕೈ ಹಿಡಿದನಂತೆ. ಹೇಳುವಾಗ ಒಂದು ವಿವರವನ್ನೂ ಆಕೆ ಮರೆತಿರಲಿಲ್ಲ.

ಗುರೂಜಿ ಪುಸ್ತಕ ತೆರೆದು ತುಟಿ ಅಲ್ಲಾಡಿಸುತ್ತಾ ಪುಟ ತಿರುವಿದರು. ನಾನು ಮೇಜಿನ ಅಂಚಿಗೆ ಗದ್ದ ಊರಿ ನಿಂತಿದ್ದೆ. ಆ ವರ್ಷ ಸಾಲೆಯಲ್ಲಿ ಹಿಂದಿ ಶುರುವಾಗಿತ್ತು; ಅದೇ ಅಕ್ಷರ ಮರಾಠಿಗೂ ಅನ್ನುವುದು ನನಗೆ ಹೊಳೆದದ್ದು ಆ ಮೇಜಿನ ಮುಂದೆ. ಕ, ಮ, ಳಾ ಹುಡುಕಿದೆ. 'ದಿನಕರ' ಸಿಕ್ಕಿತು, ಪುಟಕ್ಕೆ ಹತ್ತು ಸಲ ಸಿಕ್ಕಿತು. ಕಮಳಾ ಸಿಗಲಿಲ್ಲ. ಗುರೂಜಿ ಮತ್ತೊಂದು ಪುಟ ತಿರುವಿದರು, ಮತ್ತೊಂದು. ಸುರಂಗದ ಚಿತ್ರ ಬಂತು. ಬಾಯಲ್ಲಿ ಕಲ್ಲಿರಲಿಲ್ಲ. ಇಬ್ಬರು ಹುಡುಗರು ಕಂದೀಲು ಹಿಡಿದು ಒಳಗೆ ಹೋಗುತ್ತಿದ್ದರು.

ಕಮಳಾ ಪುಸ್ತಕದಲ್ಲಿ ಇರಲೇ ಇಲ್ಲ.

ನಾನು ಅಕ್ಕನನ್ನು ನೋಡಿದೆ. ಅಕ್ಕ ತನ್ನ ಕಾಲಿನ ಹೆಬ್ಬೆರಳು ನೋಡುತ್ತಿದ್ದಳು. ಹನ್ನೊಂದರ ಹುಡುಗಿಗೂ ಅಷ್ಟು ತಿಳಿಯುತ್ತದೆ: ಕಮಳಾ ಪುಸ್ತಕದಿಂದ ಬಂದಿದ್ದರೆ ಹಾಳಾದದ್ದು ಪುಸ್ತಕ, ಅಕ್ಕನ ತಲೆಯಿಂದ ಬಂದಿದ್ದರೆ ಹಾಳಾದದ್ದು ಅಕ್ಕ. ಆಯಿಯ ಮುಂದಿನ ಪ್ರಶ್ನೆ "ಯಾಂವಲೇ ನಿನ್ನ ದಿನಕರಾ?" ಎಂದು ಬರುತ್ತದೆ. ಆಮೇಲೆ ಸಾಲೆಯಷ್ಟೇ ಅಲ್ಲ, ಬಾಗಿಲೂ ಮುಚ್ಚುತ್ತದೆ.

ಗುರೂಜಿ ಕನ್ನಡಕದ ಮೇಲಿಂದ ಅಕ್ಕನನ್ನು ನೋಡಿದರು. ಬಹಳ ಹೊತ್ತು ಅಲ್ಲ, ಪುಟ ತಿರುವುವಷ್ಟು ಹೊತ್ತು. ಆಮೇಲೆ ಪುಸ್ತಕವನ್ನು ಟಪ್ಪನೆ ಮುಚ್ಚಿದರು.

"ಖರೆ ಐತ್ರಿ ಆಯೀ," ಅಂದರು. "ಇದ ಸಣ್ಣ ಮಕ್ಕಳ ಪುಸ್ತಕ ಅಲ್ಲ. ನಾನ ನೋಡಲಾರದ ಕೊಟ್ಟೀನಿ. ತಪ್ಪ ನಂದು, ಹುಡಿಗೀದ ಏನೂ ಇಲ್ಲ. ಆಕಿ ಪಾಪ, ಬರದದ್ದ ಓದ್ಯಾಳ."

ಎದ್ದು ಹೋಗಿ ಆ ಪುಸ್ತಕವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಏನೂ ಮಾಡದ ಪುಸ್ತಕ ಜೈಲು ಸೇರಿತು. ಆಯಿಗೆ ಗೆದ್ದ ಸಮಾಧಾನ. "ಇನ್ನ ಮ್ಯಾಲ ಹುಡಿಗಿ ಇರಲಾರದ ಪುಸ್ತಕ ಕೊಡ್ರಿ ಇಕಿಗೆ," ಅಂದಳು.

"ಅಂಥಾವು ಬೇಕಾದಷ್ಟು ಅದಾವ್ರಿ," ಅಂದರು ಗುರೂಜಿ.

ನಾವು ಮೆಟ್ಟಿಲು ಇಳಿಯುವಾಗ ಅಕ್ಕನನ್ನು ಹಿಂದೆ ಕರೆದು, ಹೊಸ ಪುಸ್ತಕ ಕೈಗಿಡುತ್ತಾ ಮರಾಠಿಯಲ್ಲಿ ಮೆಲ್ಲಗೆ ಏನೋ ಅಂದರು. ನನಗೆ ಅರ್ಥವಾದದ್ದು ಇಷ್ಟು: ಮಗಳೇ, ಅಂಥದ್ದನ್ನೆಲ್ಲ ಒಂದು ವಹಿಯಲ್ಲಿ ಬರೆದಿಡು. ಅಕ್ಕ ತಲೆ ಆಡಿಸಿದಳು. ಆದರೆ ನನಗೆ ತಿಳಿದ ಮಟ್ಟಿಗೆ ಅವಳು ಯಾವತ್ತೂ ಒಂದು ಸಾಲು ಬರೆಯಲಿಲ್ಲ.

ಸೋಮವಾರ ಅಕ್ಕ ಸಾಲೆಗೆ ಹೋದಳು. ಮುಂದೆ ಹತ್ತನೆಯದನ್ನು ಪಾಸಾದಳು. ಆಯಿಯೇ ಓಣಿಗೆಲ್ಲ ಸಕ್ಕರೆ ಹಂಚಿದಳು. ಅದೆಲ್ಲ ಸರಿ. ಕಮಳಾ ಮಾತ್ರ ಕಲ್ಲಿನ ಮುಂದೆ ಬಾಯಿ ತೆರೆದು ನಿಂತವಳು ಹಾಗೇ ನಿಂತುಬಿಟ್ಟಳು. ನೋಡಿ ಎಂಥ ಪೇಚು. ಅವಳನ್ನು ಹುಟ್ಟಿಸಿದ ಅಕ್ಕ ಕಟ್ಟೆಯ ಮೇಲೇ ಕೂತಿದ್ದಳು, ಬೇಕೆಂದರೆ ಆ ಕ್ಷಣವೇ ಮುಂದಿನದು ಹೇಳಬಹುದಾಗಿತ್ತು. ಆದರೆ ಹೇಳಿದರೆ ಸಿಕ್ಕಿಬೀಳುತ್ತಾಳೆ, ಯಾಕೆಂದರೆ ಕಮಳಾ ಇರುವುದು ಕಪಾಟಿನಲ್ಲಿ ಅಂತ ಗುರೂಜಿ ಹೇಳಿಯಾಗಿದೆ. ಅಕ್ಕನನ್ನು ಉಳಿಸಿದ ಸುಳ್ಳು ಕಮಳಾನ ಬಾಯಿ ಕಟ್ಟಿತು.

ಹೊಸ ಪುಸ್ತಕದಲ್ಲಿ ನಾಲ್ವರು ಹುಡುಗರು ಮತ್ತು ಒಂದು ದೋಣಿ. ಅಕ್ಕ ಇದ್ದದ್ದನ್ನು ಇದ್ದ ಹಾಗೆ ಓದಿದಳು. ಒಂದು ವಾರ ಕಳೆಯಿತು. ಹೌಸಕ್ಕ ರೇಡಿಯೋ ಇರುವ ಕಟ್ಟೆಯ ಕಡೆ ನೋಡತೊಡಗಿದಳು. ಒಂದು ಮಧ್ಯಾಹ್ನ ಆಯಿ ಎಲೆ ಕತ್ತರಿಸುತ್ತಾ, ಯಾರನ್ನೂ ನೋಡದೆ ಕೇಳಿದಳು.

"ಆ ಕಮಳಾ ಏನಾದಳಬೇ?"

"ನನಗೇನ ಗೊತ್ತ ಆಯೀ? ಪುಸ್ತಕ ಗುರೂಜಿ ಕಪಾಟದಾಗ ಐತಿ."

"ಪೂರ್ತಿ ಓದಿರಲಿಲ್ಲೇನ ನೀ?"

"ದಿನಾ ನಿಮ್ಮ ಮುಂದ ಓದಿದ್ದಷ್ಟ."

"ಆಯೀ, ನೀವ ಹೋಗಿ ಬಿಡಿಸ್ಕೊಂಡ ಬರ್ರಿ ಆಕಿನ್ನ," ಅಂದಳು ಹೌಸಕ್ಕ. "ನೀವ ಒಳಗ ಹಾಕಿಸಿದ್ರಿ."

ಎಲ್ಲರೂ ನಕ್ಕರು. ಆಯಿ ನಗಲಿಲ್ಲ. "ಅಪ್ಪನ್ನ ಕೂಗಿರತಾಳ," ಅಂದಳು ತನ್ನಷ್ಟಕ್ಕೆ. ಇನ್ನೆರಡು ಎಲೆ ಕತ್ತರಿಸಿ, "ಕೂಗಿರಲಿಕ್ಕಿಲ್ಲ," ಅಂದಳು. ಹನ್ನೆರಡಕ್ಕೆ ಮದುವೆಯಾಗಿ ಬಂದವಳು ಆಯಿ. ಆ ಎರಡು ಮಾತಿನ ನಡುವೆ ಆಕೆಯ ಮನಸ್ಸಿನಲ್ಲಿ ಏನು ಹಾದು ಹೋಯಿತೋ, ಆಗ ಕೇಳಬೇಕು ಅನ್ನಿಸಲಿಲ್ಲ.

ನಾನು ಬಿಟ್ಟೇನೆಯೇ? ನಳಕ್ಕೆ ನೀರು ತರಲು ಹೋದಾಗ ಅಕ್ಕನನ್ನು ಹಿಡಿದೆ. "ಕಮಳಾ ಪುಸ್ತಕದಾಗ ಇಲ್ಲ, ನಾ ನೋಡೀನಿ. ಮುಂದಿಂದ ಹೇಳು, ಇಲ್ಲಾಂದ್ರ ಆಯಿಗೆ ಹೇಳ್ತೀನಿ."

ಅಕ್ಕ ಕೊಡ ಕೆಳಗಿಟ್ಟಳು. "ಹೇಳಹೋಗು," ಅಂದಳು.

ನಾನು ಅಳತೊಡಗಿದೆ. ಹೆದರಿಸಲು ಹೋದವಳು ನಾನು, ಅತ್ತವಳೂ ನಾನೇ. ಅಕ್ಕ ತನ್ನ ಒದ್ದೆ ಕೈಯಿಂದ ನನ್ನ ಮುಖ ಒರೆಸಿ ಅಂದಳು: "ನಿನಗ ಹೇಳಿದ್ರ ಶನಿವಾರ ಸಾಲ್ಯಾಗ ಹೇಳ್ತಿ. ನಿನ್ನ ಹೊಟ್ಟ್ಯಾಗ ಒಂದ ಮಾತ ನಿಂದ್ರುದಿಲ್ಲ. ಸಾಯೂತನಕ ಹೇಳುದಿಲ್ಲ ನಿನಗ."

ಅದು ನಮ್ಮಿಬ್ಬರ ನಡುವಿನ ಆಟವಾಯಿತು. ಅವಳ ಮದುವೆಯ ಹಿಂದಿನ ದಿನ ಅರಿಶಿಣ ಹಚ್ಚುತ್ತಾ ಕೇಳಿದೆ: "ಈಗರ ಹೇಳು, ಕೂಗಿದಳೋ ಇಲ್ಲೋ?" ಅವಳು ಅರಿಶಿಣದ ಕೈಯಿಂದ ನನ್ನ ಮೂಗು ಹಿಂಡಿದಳು. ತೊಂಬತ್ತರ ದಶಕದಲ್ಲಿ ನನ್ನ ಮಗ ಹುಟ್ಟಿದಾಗ ಅಥಣಿಯ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದಳು. ಹೆರಿಗೆ ಹೇಗಾಯಿತು ಎಂದು ಹೇಳುವ ಮೊದಲು ನಾನು ಕಮಳಾನ್ನ ಕೇಳಿದೆ. "ಮೀಟರ ಓಡಾಕತ್ತೈತಿ, ಹುಚ್ಚಿ," ಅಂದು ಇಟ್ಟಳು. ಅಥಣಿಯಲ್ಲಿ ಅವಳು ಅಂಗನವಾಡಿ ಸೇರಿ, ಎಷ್ಟು ಮಕ್ಕಳಿಗೆ ಎಷ್ಟು ಕತೆ ಹೇಳಿದಳೋ ಲೆಕ್ಕವಿಲ್ಲ. ನನಗೆ ಬರಬೇಕಾದದ್ದೊಂದು ಮಾತ್ರ ಬಾಕಿ.

ಎರಡು ವರ್ಷದ ಹಿಂದೆ ಅವಳ ಕಿಡ್ನಿ ಕೆಟ್ಟವು. ವಾರಕ್ಕೆ ಎರಡು ಸಲ ಮೀರಜಿಗೆ ಹೋಗಿ ರಕ್ತ ತೊಳೆಸಬೇಕು. ಕೆಲವು ಸಲ ಜೊತೆಗೆ ನಾನು ಹೋಗುತ್ತಿದ್ದೆ. ಕೊನೆಕೊನೆಗೆ ಒಮ್ಮೆ ತಿರುಗಿ ಬರುವಾಗ ಕಾಗವಾಡದಲ್ಲಿ ಡ್ರೈವರ ಚಹಾಕ್ಕೆ ಇಳಿದ. ಗಾಡಿಯಲ್ಲಿ ನಾವಿಬ್ಬರೇ. ಅಕ್ಕ ಕಿಟಕಿಗೆ ತಲೆ ಆನಿಸಿದ್ದಳು. ಕಬ್ಬಿನ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತಿದ್ದವು.

"ಏನರ ಕೇಳೂದೈತೇನ ನಿನಗ?" ಅಂದಳು, ಕಣ್ಣು ತೆರೆಯದೆ.

ನನಗೆ ತಿಳಿಯಿತು. ಯಾವುದನ್ನು ಕೇಳು ಅನ್ನುತ್ತಿದ್ದಾಳೆ ಎಂದು ಚೆನ್ನಾಗಿ ತಿಳಿಯಿತು. ಆದರೆ ಅವಳು ಸಾಯುವ ತನಕ ಹೇಳುವುದಿಲ್ಲ ಅಂದವಳು. ನಾನು ಕೇಳಿ, ಅವಳು ಹೇಳಿಬಿಟ್ಟರೆ? ಆ ಮಾತಿಗೆ ಅರ್ಥ ಏನಾಗುತ್ತದೆ?

"ಏನಿಲ್ಲ," ಅಂದೆ. "ಶಾಲು ಹೊಚ್ಚಕೊ."

ಅವಳು ಹೊದ್ದುಕೊಂಡಳು. ಆ ದಿನವನ್ನು ನೆನೆದಾಗಲೆಲ್ಲ ಕೇಳಿಕೊಳ್ಳುತ್ತೇನೆ: ನಾನು ಅವಳಿಗೆ ಧೈರ್ಯ ಕೊಟ್ಟೆನೋ, ಅವಳು ಕೊಡಬೇಕೆಂದಿದ್ದನ್ನು ಬೇಡ ಅಂದೆನೋ?

ಅಥಣಿಯಲ್ಲಿ ಬಸ್ಸು ಇಳಿದು ಅಕ್ಕನ ಮನೆ ಮುಟ್ಟಿದಾಗ ಒಳಗೆ ಜಗಳ ನಡೆದಿತ್ತು. ಅಕ್ಕನ ಮಗಳು ಸುಮಾ ತನ್ನ ಮಗಳು ಅಕ್ಷತಾಳಿಗೆ ಬೈಯುತ್ತಿದ್ದಳು. ಅಕ್ಷತಾಗೆ ಹನ್ನೊಂದು ವರ್ಷ. ಕೈಯಲ್ಲಿ ಬಣ್ಣಬಣ್ಣದ ಹೊದಿಕೆಯ ಪುಸ್ತಕ, ಸಾಲೆಯ ಗೆಳತಿಯದು.

"ಚಿಗವ್ವಾ, ನೀನರ ಹೇಳ ಇಕಿಗೆ," ಅಂದಳು ಸುಮಾ. "ಮಕ್ಕಳ ಪುಸ್ತಕ ಅಂತಾರ, ಒಳಗ ನೋಡಿದ್ರ ಏಳನೇ ಇಯತ್ತೆ ಹುಡುಗ ಎಂಟನೇ ಇಯತ್ತೆ ಹುಡಿಗೀಗೆ ಚೀಟಿ ಬರೀತಾನ. ಇದನ್ನ ಓದೂ ವಯಸ್ಸ ಏನ ಇದು?"

ಪುಸ್ತಕ ಈಸಿಕೊಂಡು ನೋಡಿದೆ. ಹೌದು, ಚೀಟಿ ಇತ್ತು. ಅದರಲ್ಲಿ ಹುಡುಗ 'ನೀನು ಓಟದಲ್ಲಿ ಬಿದ್ದಾಗ ನನಗೂ ಮೊಣಕಾಲು ನೋಯಿತು' ಎಂದು ಬರೆದಿದ್ದ. ನನಗೆ ಅದರಲ್ಲಿ ಬೈಯುವಂಥದ್ದು ಕಾಣಲಿಲ್ಲ. "ಓದ್ಲಿ ಬಿಡ ಸುಮಾ," ಅಂದೆ. "ಇದನ್ನ ಈ ವಯಸ್ಸಿಗೆ ಓದಲಿಲ್ಲಂದ್ರ ಮುಂದ ಓದಾಕ ಪುರಸೊತ್ತ ಸಿಗುದಿಲ್ಲ."

ಸುಮಾ ಗೊಣಗುತ್ತಾ ಅಡಿಗೆಮನೆಗೆ ಹೋದಳು. ಅಕ್ಷತಾ ನನ್ನ ಹತ್ತಿರ ಸರಿದು, "ಇದರಾಗೇನೈತಿ ಸಣ್ಣಾಯಿ, ನಮ್ಮಾಯಿ ಹೇಳೂ ಕಮಳಾನ ಕತಿ ಇದಕ್ಕಿಂತ ಭಾರಿ ಇತ್ತು," ಅಂದಳು. ಅವಳಿಗೆ ಆಯಿ ಅಂದರೆ ನನ್ನ ಅಕ್ಕ, ನಾನು ಸಣ್ಣಾಯಿ.

ನಾನು ಪುಸ್ತಕ ಕೆಳಗಿಟ್ಟೆ. "ಯಾವ ಕಮಳಾ?"

"ಅದ, ಕಲ್ಲ ಬೀಳ್ತೈತಲ್ಲ, ದಿನಕರ ಒಳಗ ಸಿಕ್ಕೊಂತಾನಲ್ಲ."

"ಮುಂದ ಏನಾತು?" ನನ್ನ ದನಿ ನನಗೇ ಸಣ್ಣ ಹುಡುಗಿಯ ದನಿಯ ಹಾಗೆ ಕೇಳಿಸಿತು. "ಆಕಿ ಅಪ್ಪನ್ನ ಕೂಗಿದಳೇನ?"

ಅಕ್ಷತಾ ಯೋಚಿಸಿದಳು. "ಒಂದೊಂದ ಸಲ ಒಂದೊಂದ ಹೇಳ್ತಿದ್ದರು. ನನಗ ಜ್ವರಾ ಬಂದಾಗ ಕಮಳಾ ಒಬ್ಬಾಕೀನ ಕಲ್ಲ ಸರಿಸಿದಳು. ಅವ್ವ ಬೈದ ದಿನ ಅಪ್ಪನ್ನ ಕೂಗಿದಳು, ಅಪ್ಪ ಬೈಯಲಿಲ್ಲ, ಸುಮ್ನ ಬಂದು ಕಲ್ಲ ಎತ್ತಿದ. ಗಣಿತದಾಗ ನಾ ಫೇಲಾದಾಗ ದಿನಕರ ಬ್ಯಾರೆ ದಾರಿ ಹಿಡದ ಹೊರಗ ಬಂದು ತಿರುಗಿ ಸೈತ ನೋಡಲಾರದ ಹ್ವಾದ. ಕಮಳಾ ಕಲತ ಬಸ್ ಕಂಡಕ್ಟರ ಆದಳು. ನಾನ ಕೇಳಿದೆ, ಖರೇದ ಯಾವುದು ಅಂತ. ಆಯಿ ಅಂದ್ರು, ಕೇಳಾವರ ಮಾರಿ ನೋಡೂತನಕ ನನಗೂ ಗೊತ್ತಿರುದಿಲ್ಲ ಅಂತ."

ಇಷ್ಟು ವರ್ಷ ನಾನು ಕೊನೆ ಒಂದಿದೆ, ಅಕ್ಕ ಅದನ್ನು ಎಲ್ಲೋ ಕೀಲಿ ಹಾಕಿ ಇಟ್ಟಿದ್ದಾಳೆ ಅಂದುಕೊಂಡಿದ್ದೆ. ಅಂಥದ್ದು ಇರಲಿಲ್ಲ. ಕಾಗವಾಡದಲ್ಲಿ ನಾನು ಕೇಳಿದ್ದರೆ ಅವಳು ಕಣ್ಣು ತೆರೆದು ನನ್ನ ಮುಖ ನೋಡುತ್ತಿದ್ದಳು, ನೋಡಿ ಅಲ್ಲಿಯೇ ಒಂದನ್ನು ನನಗಾಗಿ ಕಟ್ಟುತ್ತಿದ್ದಳು. ನಾನು ಕಳೆದುಕೊಂಡದ್ದು ಅದನ್ನು. ನನ್ನ ಮುಖದಲ್ಲಿ ಅವಳಿಗೆ ಏನು ಕಾಣುತ್ತಿತ್ತು ಎಂಬುದು ಇನ್ನು ಯಾರಿಗೂ ತಿಳಿಯುವುದಿಲ್ಲ. ಮೂರು ತಿಂಗಳಿಂದ ನಾಲ್ಕು ಮಂದಿಯ ಎದುರು ತಡೆದುಕೊಂಡದ್ದು ಆ ಹುಡುಗಿಯ ಮುಂದೆ ತಡೆಯಲಿಲ್ಲ. ಈ ಸಲ ಸೀನಿನ ನೆವವೂ ಇರಲಿಲ್ಲ.

ಅಕ್ಷತಾ ಇನ್ನಷ್ಟು ಹತ್ತಿರ ಸರಿದು ಕೂತಳು. ಅಳುವವರನ್ನು ಅಳಬೇಡ ಅನ್ನದ ಮಕ್ಕಳು ಕಡಿಮೆ. ಆಮೇಲೆ ಕೇಳಿದಳು: "ಸಣ್ಣಾಯಿ, ಕತ್ಯಾಗ ನಿಮಗೇನ ಆಗಬೇಕು?"

ಇದನ್ನು ನನಗೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಐವತ್ತು ದಾಟಿದವಳು ಹೇಳಲು ನಾಚಿಕೆಪಡಬೇಕಾದ ಉತ್ತರವೇ ಬಾಯಿಗೆ ಬಂತು.

"ಮದಿವಿ ಆಗ್ಲಿ ಅವರದು," ಅಂದೆ.

"ಅಷ್ಟ?"

"ಅಷ್ಟ."

ಅಕ್ಷತಾಗೆ ಇದು ತೀರ ಸಪ್ಪೆ ಅನ್ನಿಸಿದ್ದು ಮುಖದಲ್ಲೇ ಕಂಡಿತು. ಆದರೂ ಒಮ್ಮೆ ನನ್ನನ್ನು ದಿಟ್ಟಿಸಿ ನೋಡಿ, ಕಾಲು ಮಡಚಿ ಸರಿಯಾಗಿ ಕೂತಳು. "ಹಂಗಾರ ಕೋಟಿ ಮ್ಯಾಲ ಮಾಡೂನು," ಅಂದಳು. "ಅಪ್ಪ ಕಲ್ಲ ಎತ್ತಿ ಆತು, ದಿನಕರ ಹೊರಗ ಬಂದ. ಅಂವ ಮೊದಲ ಓದು ಮುಗಸ್ಲಿ, ಕಮಳಾನೂ ಮುಗಸ್ಲಿ. ಆಮ್ಯಾಲ ಮದಿವಿ. ಊಟಕ್ಕೇನ ಮಾಡ್ಸೂನು?"

"ಹುಗ್ಗಿ," ಅಂದೆ.

"ಹುಗ್ಗಿ ಸರಿ. ಖರೆ ಕೋಟಿ ಮ್ಯಾಲ ಅಷ್ಟ ಮಂದಿಗೆ ನೀರ ಯಾರ ಹೊತ್ತ ತರ್ತಾರ ಸಣ್ಣಾಯಿ?"

ಅದನ್ನು ನಾನು ಯೋಚಿಸಿರಲಿಲ್ಲ. ಕುರಿ ಕಾಯುವವರ ಕತ್ತೆಗಳು ಇರುತ್ತವೆ, ಅವುಗಳ ಮೇಲೆ ಕೊಡ ಕಟ್ಟೋಣ ಅಂದೆ. ಕತ್ತೆ ಮೆಟ್ಟಿಲು ಹತ್ತುವುದಿಲ್ಲ ಅಂದಳು ಅವಳು. ಹತ್ತುತ್ತದೆ ಅಂದೆ. ಒಳಗಿಂದ ಸುಮಾ ಊಟಕ್ಕೆ ಕರೆದಳು, ಇನ್ನೊಮ್ಮೆ ಕರೆದಳು. ನಾವಿನ್ನೂ ನೀರು ಮೇಲೆ ಮುಟ್ಟಿಸಿರಲಿಲ್ಲ.